ಕಣ್ಣಿನ 'ನರ ಬ್ಲಾಕ್': ಇಂಜೆಕ್ಷನ್ ಏಕೆ ಮತ್ತೆ ಮತ್ತೆ ಬೇಕು?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹಾವೇರಿ ಹತ್ತಿರ ಕಿರಾಣಿ ಅಂಗಡಿ ನಡೆಸುತ್ತಾರೆ. ನಾಲ್ಕು ತಿಂಗಳ ಹಿಂದೆ ಒಂದು ದಿನ ಬೆಳಿಗ್ಗೆ ಎದ್ದಾಗ ಬಲಗಣ್ಣಿಗೆ ಕೆಳಭಾಗವೆಲ್ಲ ಮಂಜು ಮಂಜಾಗಿ ಕಂಡಿತು. ನೋವಿಲ್ಲ, ಕೆಂಪಿಲ್ಲ. 'ಕಣ್ಣಿನ ನರ ಬ್ಲಾಕ್ ಆಗಿದೆ' ಅಂದರು. ಚೀಟಿಯಲ್ಲಿ 'ಸುಪೀರೋ-ಟೆಂಪೊರಲ್ ಬಿಆರ್‌ವಿಓ, ಮ್ಯಾಕ್ಯುಲರ್ ಎಡಿಮಾ' ಎಂದಿದೆ. ಓಸಿಟಿ ಸ್ಕ್ಯಾನಿನಲ್ಲಿ ಕಣ್ಣಿನ ಒಳಪರದೆಯ ದಪ್ಪ 540 ಮೈಕ್ರಾನ್ ಇತ್ತು, ದೃಷ್ಟಿ 6/36. ಎರಡು ಇಂಜೆಕ್ಷನ್ ಆದ ಮೇಲೆ 290ಕ್ಕೆ ಇಳಿದು 6/12 ಓದಿದರು. ತಂಗಿಯ ಮದುವೆಯ ಓಡಾಟದಲ್ಲಿ ಮೂರನೆಯದು ತಪ್ಪಿತು. ಹತ್ತು ವಾರ ಬಿಟ್ಟು ಹೋದರೆ ಮತ್ತೆ 470! ಬಿಪಿ ಇದೆ, ಆದರೆ ನಾರ್ಮಲ್ ಬಂತೆಂದು ವರ್ಷದ ಹಿಂದೆಯೇ ಮಾತ್ರೆ ಬಿಟ್ಟಿದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಹಾಗೆ ಇದನ್ನೂ ತೆರೆಯಲು ಆಗುವುದಿಲ್ಲವೇ? ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರೆ ಆಗದೇ? ಇನ್ನೂ ಎಷ್ಟು ಇಂಜೆಕ್ಷನ್ ಬೇಕು? ಕಡಿಮೆ ಬೆಲೆಯದನ್ನು ಹಾಕಿಸಬಹುದೇ?

ಉತ್ತರ: ಬ್ಲಾಕ್ ಅನ್ನು ಯಾವ ಇಂಜೆಕ್ಷನ್ನೂ ತೆರೆಯುವುದಿಲ್ಲ. ಬ್ಲಾಕಿನಿಂದ ಸೋರಿ ನಿಂತ ನೀರನ್ನು ಅದು ಇಳಿಸುತ್ತದೆ, ಅಷ್ಟೇ. ಔಷಧದ ಶಕ್ತಿ ಸುಮಾರು ಒಂದು ತಿಂಗಳಲ್ಲಿ ಕರಗುತ್ತದೆ, ಬ್ಲಾಕ್ ಇದ್ದಲ್ಲೇ ಇರುತ್ತದೆ, ನೀರು ಮತ್ತೆ ತುಂಬುತ್ತದೆ. ಹಾಗಾಗಿ 290 ಇದ್ದದ್ದು 470 ಆದದ್ದಕ್ಕೆ ಇಂಜೆಕ್ಷನ್ ಕೆಲಸ ಮಾಡಲಿಲ್ಲ ಎಂದು ಅರ್ಥವಲ್ಲ. ಅದು ಚೆನ್ನಾಗಿಯೇ ಕೆಲಸ ಮಾಡಿದೆ, ಮುಂದಿನದು ತಡವಾಯಿತು.

ಮೊದಲು 'ನರ' ಎಂಬ ಮಾತಿನ ಬಗ್ಗೆ. ನಮ್ಮಲ್ಲಿ ರಕ್ತನಾಳಕ್ಕೂ ನರ ಅನ್ನುತ್ತೇವೆ, ಮಿದುಳಿಗೆ ಸುದ್ದಿ ಒಯ್ಯುವ ನರಕ್ಕೂ ನರ ಅನ್ನುತ್ತೇವೆ. ಈ ಗೊಂದಲದಲ್ಲಿ ಎಷ್ಟೋ ಜನ ಔಷಧದ ಅಂಗಡಿಯಿಂದ 'ನರದ ಮಾತ್ರೆ' ತಂದು ತಿಂಗಳುಗಟ್ಟಲೆ ನುಂಗುತ್ತಾರೆ, ಬೆಲೆಬಾಳುವ ತಿಂಗಳುಗಳು ಅಷ್ಟರಲ್ಲಿ ಕಳೆದಿರುತ್ತವೆ. ಇಲ್ಲಿ ಕಟ್ಟಿಕೊಂಡಿರುವುದು ಅಭಿಧಮನಿ, ಅಂದರೆ ರೆಟಿನಾದಿಂದ (ಕಣ್ಣಿನ ಒಳಪರದೆಯಿಂದ) ಬಳಸಿದ ರಕ್ತವನ್ನು ಹೊರಗೆ ಒಯ್ಯುವ ನಾಳ. ಮನೆಯ ಬಚ್ಚಲನ್ನು ನೆನೆಸಿಕೊಳ್ಳಿ. ನಲ್ಲಿ ಸುರಿಯುತ್ತಲೇ ಇದೆ, ನೀರು ಹೋಗುವ ಕಿಂಡಿ ಕಟ್ಟಿಕೊಂಡಿದೆ. ರೆಟಿನಾದಲ್ಲಿ ಆಗುವುದೂ ಅದೇ: ರಕ್ತ ಒಳಗೆ ತರುವ ನಾಳವಾದ ಅಪಧಮನಿ ಅದನ್ನು ತಳ್ಳುತ್ತಲೇ ಇರುತ್ತದೆ, ಹೊರದಾರಿ ಮುಚ್ಚಿರುತ್ತದೆ. ಹಿಂದಿನ ಸಣ್ಣ ನಾಳಗಳು ಉಬ್ಬಿ ಡೊಂಕಾಗುತ್ತವೆ, ಗೋಡೆಗಳಿಂದ ರಕ್ತವೂ ನೀರೂ ಜಿನುಗುತ್ತವೆ. ಆ ನೀರು ಮ್ಯಾಕ್ಯುಲಾದಲ್ಲಿ, ಎಂದರೆ ಅಕ್ಷರ ಓದುವ, ಮುಖ ಗುರುತಿಸುವ ನಡುಭಾಗದಲ್ಲಿ ನಿಂತಾಗ ದೃಷ್ಟಿ ಇಳಿಯುತ್ತದೆ.

ನಿಮ್ಮ ತಂದೆಯವರಿಗೆ ಕಟ್ಟಿರುವುದು ಮುಖ್ಯ ನಾಳವಲ್ಲ, ಮೇಲ್ಗಡೆಯ ಒಂದು ಕೊಂಬೆ. 'ಬಿಆರ್‌ವಿಓ' ಎಂದರೆ ಕೊಂಬೆಯ ಬ್ಲಾಕ್. 'ಸಿಆರ್‌ವಿಓ' ಎಂದಿದ್ದರೆ ಇಡೀ ಮರದ ಬುಡವೇ ಕಟ್ಟಿಕೊಂಡಿದೆ ಎಂದರ್ಥ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಮೇಲಿನ ರೆಟಿನಾ ಕೆಟ್ಟರೆ ಕೆಳಭಾಗ ಕಾಣದು. ಎಡಗಣ್ಣು ಮುಚ್ಚಿದರೆ ಅವರಿಗೆ ಎದುರಿನವರ ಮುಖ ಒಂದಿಷ್ಟು ಕಂಡು, ಕೈಯಲ್ಲಿರುವ ತಕ್ಕಡಿ ಮಸುಕಾಗುವುದು ಇದಕ್ಕೇ. ಕೊಂಬೆಯ ಬ್ಲಾಕ್ ಬುಡದ ಬ್ಲಾಕಿಗಿಂತ ಹಲವು ಪಟ್ಟು ಹೆಚ್ಚು ಜನರಲ್ಲಿ ಕಾಣುತ್ತದೆ, ಅದರ ಮುಂದಿನ ದಾರಿಯೂ ಸಾಮಾನ್ಯವಾಗಿ ಮೃದು.

ಏಕೆ ಕಟ್ಟಿತು? ರೆಟಿನಾದಲ್ಲಿ ಅಪಧಮನಿಯೂ ಅಭಿಧಮನಿಯೂ ಒಂದನ್ನೊಂದು ದಾಟುವ ಜಾಗಗಳಿವೆ. ಅಲ್ಲಿ ಎರಡಕ್ಕೂ ಒಂದೇ ಹೊದಿಕೆ. ಹೆಚ್ಚಿನ ಕಡೆ ಅಪಧಮನಿ ಮೇಲೆ, ಅಭಿಧಮನಿ ಕೆಳಗೆ. ಬಿಪಿಯಿಂದ ವರ್ಷಾನುಗಟ್ಟಲೆ ಪೆಟ್ಟು ತಿಂದ ಅಪಧಮನಿ ದಪ್ಪವಾಗಿ, ಗಟ್ಟಿಯಾಗಿ, ತೋಟದ ಪೈಪಿನ ಮೇಲೆ ಕಲ್ಲು ಕುಳಿತಂತೆ ಕೆಳಗಿನ ಮೆತ್ತನೆಯ ನಾಳವನ್ನು ಒತ್ತುತ್ತದೆ. ಒತ್ತಿದ ಜಾಗದಲ್ಲಿ ರಕ್ತ ಸುಳಿಯಾಗಿ ಹರಿದು ನಾಳದ ಒಳಪದರ ತರಚುತ್ತದೆ, ತರಚಿದಲ್ಲಿ ಹೆಪ್ಪು ಕಟ್ಟುತ್ತದೆ. ಕಣ್ಣಿನ ಹೊರಪಕ್ಕದ ಮೇಲುಭಾಗದಲ್ಲಿ ಇಂಥ ದಾಟುಗಳು ಹೆಚ್ಚಿರುವುದರಿಂದ ಬ್ಲಾಕ್ ಅಲ್ಲಿಯೇ ಹೆಚ್ಚು. ಬುಡದ ಬ್ಲಾಕ್ ಆಗುವುದು ಇನ್ನೂ ಹಿಂದೆ, ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜರಡಿಯಂಥ ಜಾಗದ ಬಳಿ. ಅಲ್ಲಿಯೂ ಎರಡು ನಾಳಗಳಿಗೆ ಒಂದೇ ಇಕ್ಕಟ್ಟಾದ ಓಣಿ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ದೃಷ್ಟಿನರ ಕೆಡುವ ಕಾಯಿಲೆ) ಇದ್ದವರಿಗೆ ಆ ಬ್ಲಾಕ್ ಹೆಚ್ಚು ಬರಲು ಕಾರಣ ಇದೇ ಓಣಿ.

ಮಾತ್ರೆ ಬಿಟ್ಟ ವಿಷಯ ಇಲ್ಲಿಗೇ ಬಂದು ಸೇರುತ್ತದೆ. ಮಾತ್ರೆ ತಿನ್ನುವಾಗ ಬಿಪಿ ನಾರ್ಮಲ್ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥ, ಕಾಯಿಲೆ ವಾಸಿಯಾಯಿತೆಂದಲ್ಲ. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೀಡಿ-ಸಿಗರೇಟು, ಬೊಜ್ಜು, ಗೊರಕೆಯ ಜೊತೆ ಉಸಿರು ನಿಂತು ನಿಂತು ಬರುವ ನಿದ್ದೆ, ಇವೂ ಪಾಲುದಾರರೇ. ಆದರೆ ಕೊಂಬೆಯ ಬ್ಲಾಕಿನಲ್ಲಿ ಮೊದಲ ಆರೋಪಿ ಬಿಪಿ.

ಮಾಡಿಸಬೇಕಾದ ಪರೀಕ್ಷೆ ನಿಮ್ಮ ತಂದೆಯವರ ವಯಸ್ಸಿಗೆ ಹೆಚ್ಚೇನಿಲ್ಲ: ಎರಡು-ಮೂರು ಬೇರೆ ಬೇರೆ ದಿನ ಬಿಪಿ, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಸಿಬಿಸಿ, ಇಎಸ್‌ಆರ್, ಕ್ರಿಯಾಟಿನಿನ್, ಜೊತೆಗೆ ಒಂದು ಇಸಿಜಿ. ಇದೇ ಬ್ಲಾಕ್ ಐವತ್ತರೊಳಗಿನವರಿಗೆ, ಅದರಲ್ಲೂ ಬಿಪಿ-ಶುಗರ್ ಇಲ್ಲದವರಿಗೆ ಆಗಿದ್ದರೆ ಪಟ್ಟಿ ಉದ್ದವಾಗುತ್ತದೆ. ಹೋಮೋಸಿಸ್ಟೀನ್ (ರಕ್ತದಲ್ಲಿ ಹೆಚ್ಚಾದರೆ ನಾಳಗಳಿಗೆ ಕೆಡುಕೆನ್ನುವ ಒಂದು ರಾಸಾಯನಿಕ), ಹೆಪ್ಪುಗಟ್ಟುವ ದೋಷಗಳು, ಆ್ಯಂಟಿಫಾಸ್ಫೊಲಿಪಿಡ್ ಆ್ಯಂಟಿಬಾಡಿ, ಹೆಂಗಸರಲ್ಲಿ ಗರ್ಭನಿರೋಧಕ ಮಾತ್ರೆಯ ಬಳಕೆ ಎಲ್ಲವನ್ನೂ ಕೇಳಬೇಕು. ನಮ್ಮ ದೇಶದಲ್ಲಿ ಹರೆಯದವರ ಕಣ್ಣೊಳಗೆ ರಕ್ತನಾಳದ ಉರಿಯೂತವೂ, ಅದರ ಹಿಂದೆ ಕ್ಷಯದ ನಂಟೂ ಇರುವುದುಂಟು. ಅಂಥವರಿಗೆ ಚಿಕಿತ್ಸೆಯೇ ಬೇರೆ. ಕಟ್ಟಾ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗಿ ಹೋಮೋಸಿಸ್ಟೀನ್ ಏರಿರುವುದು ಅಪರೂಪವಲ್ಲ. ಬಿ12 ಸರಿಪಡಿಸುವುದು ಸುಲಭ, ಮಾಡಿ. ಅದರಿಂದ ಈಗಾಗಲೇ ಕಟ್ಟಿದ ನಾಳ ತೆರೆಯುತ್ತದೆ ಎಂದು ಮಾತ್ರ ಎಣಿಸಬೇಡಿ.

ಇನ್ನು ಸ್ಟೆಂಟಿನ ಪ್ರಶ್ನೆ. ಹೃದಯದ ಸ್ಟೆಂಟ್ ಸುಮಾರು ಎರಡೂವರೆಯಿಂದ ನಾಲ್ಕು ಮಿಲಿಮೀಟರ್ ಅಗಲದ್ದು. ರೆಟಿನಾದ ಕೊಂಬೆಯ ಅಭಿಧಮನಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಆ ಜಂಟಿ ಹೊದಿಕೆಯನ್ನು ಸೂಕ್ಷ್ಮ ಚಾಕುವಿನಿಂದ ಬಿಡಿಸುವುದು, ಹೆಪ್ಪು ಕರಗಿಸುವ ಔಷಧವನ್ನು ಒಳಗೆ ಬಿಡುವುದು, ಲೇಸರಿನಿಂದ ಅಡ್ಡದಾರಿ ಮಾಡುವುದು, ಎಲ್ಲವನ್ನೂ ಪ್ರಯತ್ನಿಸಿ ನೋಡಿದ್ದಾರೆ. ಅಪಾಯಕ್ಕೆ ತಕ್ಕ ಲಾಭ ಸಿಗದೆ ಯಾವುದೂ ದಿನನಿತ್ಯದ ಚಿಕಿತ್ಸೆಯಾಗಿ ನಿಲ್ಲಲಿಲ್ಲ. ರಕ್ತ ತೆಳು ಮಾಡುವ ಮಾತ್ರೆಯೂ ಹಾಗೆಯೇ: ಅದು ಕಣ್ಣಿನ ಬ್ಲಾಕ್ ತೆರೆದೀತೆಂಬುದಕ್ಕೆ ಆಧಾರ ಇಲ್ಲ, ಕಣ್ಣಿಗೆಂದೇ ಅದನ್ನು ಶುರುಮಾಡುವುದರಲ್ಲಿ ಅರ್ಥವಿಲ್ಲ. ಹೃದಯಕ್ಕೋ ಪಾರ್ಶ್ವವಾಯುವಿಗೋ ಬೇಕೆಂದು ಫಿಸಿಶಿಯನ್ ಈಗಾಗಲೇ ಕೊಟ್ಟಿದ್ದರೆ ಮಾತ್ರ ಬಿಡಬೇಡಿ. ಕಣ್ಣಿನ ಇಂಜೆಕ್ಷನ್ನಿಗೆಂದು ಅದನ್ನು ನಿಲ್ಲಿಸುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಕೊನೆಗೆ ಬಿಡುಗಡೆ ಹೇಗೆ? ದೇಹವೇ ಪಕ್ಕದ ದಾರಿ ಮಾಡಿಕೊಳ್ಳುತ್ತದೆ. ತಿಂಗಳುಗಳು ಕಳೆದಂತೆ ಕಟ್ಟಿದ ಕೊಂಬೆಯಿಂದ ಪಕ್ಕದ ಚೆನ್ನಾಗಿರುವ ಕೊಂಬೆಗೆ ಸಣ್ಣ ಕಾಲುವೆಗಳು ತೆರೆದುಕೊಳ್ಳುತ್ತವೆ. ಅಲ್ಲಿಯವರೆಗೆ ಮ್ಯಾಕ್ಯುಲಾ ನೀರಿನಲ್ಲಿ ನೆನೆದು ಕೊಳೆಯದಂತೆ ಕಾಯುವುದೇ ಇಂಜೆಕ್ಷನ್ನಿನ ಕೆಲಸ.

ಅದು ಕೆಲಸ ಮಾಡುವ ಬಗೆ ಹೀಗೆ. ರಕ್ತ ಸಾಲದೆ ಹಸಿದ ರೆಟಿನಾ 'ವಿಇಜಿಎಫ್' ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಅದು ನಾಳಗಳ ಗೋಡೆಯನ್ನು ಸಡಿಲಿಸಿ ಸೋರಿಕೆ ಹೆಚ್ಚಿಸುತ್ತದೆ, ಹೊಸ ಹುಚ್ಚು ನಾಳಗಳನ್ನೂ ಚಿಗುರಿಸುತ್ತದೆ. ಇಂಜೆಕ್ಷನ್ ಈ ರಾಸಾಯನಿಕವನ್ನು ಹಿಡಿದು ಕಟ್ಟಿಹಾಕುತ್ತದೆ. ಮೂರು ಹೆಸರುಗಳನ್ನು ನೀವು ಕೇಳುತ್ತೀರಿ: ರಾನಿಬಿಜುಮ್ಯಾಬ್ 0.5 ಮಿಲಿಗ್ರಾಂ, ಅಫ್ಲಿಬರ್ಸೆಪ್ಟ್ 2 ಮಿಲಿಗ್ರಾಂ, ಬೆವಾಸಿಜುಮ್ಯಾಬ್ 1.25 ಮಿಲಿಗ್ರಾಂ. ಮೂರನ್ನೂ ಹಾಕುವುದು 0.05 ಮಿಲಿಲೀಟರ್, ಅಂದರೆ ಒಂದು ಸಣ್ಣ ಹನಿಯಷ್ಟು.

ತಡ ಮಾಡಿದರೆ ಏನು ಹೋಗುತ್ತದೆ ಎಂಬುದಕ್ಕೆ ಒಳ್ಳೆಯ ಲೆಕ್ಕವಿದೆ. ಕೊಂಬೆಯ ಬ್ಲಾಕಿನ ಮೇಲೆ ನಡೆದ 'ಬ್ರಾವೊ' ಅಧ್ಯಯನದಲ್ಲಿ ರಾನಿಬಿಜುಮ್ಯಾಬ್ ತಿಂಗಳಿಗೊಂದರಂತೆ ಪಡೆದವರು ಆರು ತಿಂಗಳಲ್ಲಿ ಸರಾಸರಿ 18 ಅಕ್ಷರ ಹೆಚ್ಚು ಓದಿದರು. ಅಂಥ ಚಾರ್ಟಿನಲ್ಲಿ ಸಾಲಿಗೆ ಐದಕ್ಷರ, ಹಾಗಾಗಿ ಮೂರೂವರೆ ಸಾಲು. ಸೂಜಿ ಚುಚ್ಚದೆ ಚುಚ್ಚಿದಂತೆ ಮಾಡಿದ ಗುಂಪಿಗೆ ದಕ್ಕಿದ್ದು 7 ಅಕ್ಷರ. ಆರು ತಿಂಗಳಾದ ಮೇಲೆ ಈ ಎರಡನೇ ಗುಂಪಿಗೂ ನಿಜವಾದ ಔಷಧ ಕೊಟ್ಟರು. ವರ್ಷದ ಕೊನೆಗೆ ಅವರು 12ಕ್ಕೆ ಬಂದರು, ಮೊದಲ ಗುಂಪು 18ರಲ್ಲೇ ಇತ್ತು. ಆ ಆರಕ್ಷರ ಆಮೇಲೆ ಎಷ್ಟು ಚುಚ್ಚಿದರೂ ಸಿಗಲಿಲ್ಲ. ನೀರಿನಲ್ಲಿ ಹೆಚ್ಚು ದಿನ ನಿಂತ ಮ್ಯಾಕ್ಯುಲಾದಲ್ಲಿ ಬೆಳಕು ಹಿಡಿಯುವ ಕಣಗಳೇ ಸಾಯುತ್ತವೆ. ಆಮೇಲೆ ಸ್ಕ್ಯಾನ್ 260 ತೋರಿಸಿದರೂ ಅಕ್ಷರ ಕಾಣುವುದಿಲ್ಲ. ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ. 6/12 ಓದಿದ ಕಣ್ಣು ಅದು. ಈ ವಾರವೇ ಕರೆದುಕೊಂಡು ಹೋಗಿ.

ಎಷ್ಟು ಬೇಕು? ಸಾಮಾನ್ಯವಾಗಿ ಮೊದಲ ಮೂರನ್ನು ತಿಂಗಳಿಗೊಂದರಂತೆ ಬಿಡದೆ ಹಾಕುತ್ತಾರೆ. ಸ್ಕ್ಯಾನ್ ಒಣಗಿದ ಮೇಲೆ ಆರು ವಾರ, ಎಂಟು ವಾರ ಎಂದು ಅಂತರ ಹಿಗ್ಗಿಸುತ್ತಾರೆ. ನೀರು ಮತ್ತೆ ಕಂಡರೆ ಒಂದು ಹೆಜ್ಜೆ ಹಿಂದೆ ಬರುತ್ತಾರೆ. ನಿಮ್ಮದರಲ್ಲಿ ಸರಣಿ ಮುರಿದಿರುವುದರಿಂದ ಬಹುಶಃ ಮತ್ತೆ ತಿಂಗಳಿಗೊಂದರಿಂದ ಶುರುಮಾಡಬೇಕಾಗುತ್ತದೆ. ಕೊಂಬೆಯ ಬ್ಲಾಕಿನಲ್ಲಿ ಮೊದಲ ವರ್ಷ ಆರೆಂಟು ಆಗುವುದು ಸಹಜ, ಎರಡನೇ ವರ್ಷ ತೀರಾ ಕಡಿಮೆಯಾಗುತ್ತದೆ, ಹಲವರಿಗೆ ನಿಂತೇಹೋಗುತ್ತದೆ. ಬುಡದ ಬ್ಲಾಕಿನ ಹಾದಿ ಉದ್ದ. ಬ್ರಿಟನ್ನಿನ 'ಲಿಯಾವೊ' ಅಧ್ಯಯನದಲ್ಲಿ ನೂರು ವಾರಗಳಲ್ಲಿ ಸರಾಸರಿ ಹತ್ತರಿಂದ ಹನ್ನೆರಡು ಇಂಜೆಕ್ಷನ್ ಬೇಕಾದವು. 'ಮೂರರಲ್ಲಿ ಮುಗಿಯುತ್ತದೆ' ಎಂದು ಯಾರಾದರೂ ಮೊದಲೇ ಮಾತು ಕೊಟ್ಟಿದ್ದರೆ ಅದನ್ನು ನಂಬಿ ಹಣಕಾಸಿನ ಲೆಕ್ಕ ಹಾಕಬೇಡಿ.

ಬೆಲೆಯ ವಿಷಯಕ್ಕೆ ಬರೋಣ, ಹೆಚ್ಚಿನ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದೇ ಇಲ್ಲಿ. ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧ. ನಾಲ್ಕು ಮಿಲಿಲೀಟರಿನ ಒಂದು ಬಾಟಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ, ಕಣ್ಣಿಗೆ ಬೇಕಾದದ್ದು ಅದರಲ್ಲಿ 1.25. ಒಂದು ಬಾಟಲಿ ಹತ್ತಾರು ಕಣ್ಣುಗಳಿಗೆ ಆಗುವುದರಿಂದ ಅದು ಅಗ್ಗ. ಅಪಾಯವೂ ಅದೇ ಹಂಚಿಕೆಯಲ್ಲಿದೆ: ಹಂಚುವ ಕೈ, ಜಾಗ, ಸಿರಿಂಜು ಎಲ್ಲ ಶುದ್ಧವಾಗಿರದಿದ್ದರೆ ಒಂದೇ ದಿನ ಹಲವು ಕಣ್ಣುಗಳಿಗೆ ಸೋಂಕು ತಗಲಬಹುದು. ಗುಜರಾತಿನಲ್ಲಿ ಹಾಗಾದಾಗ 2016ರ ಆರಂಭದಲ್ಲಿ ಔಷಧ ನಿಯಂತ್ರಕರು ಕಣ್ಣಿಗೆ ಅದರ ಬಳಕೆ ಬೇಡವೆಂದು ಎಚ್ಚರಿಸಿ, ಕೆಲವು ವಾರಗಳಲ್ಲಿ ಎಚ್ಚರಿಕೆಯನ್ನು ಹಿಂಪಡೆದರು. ದೋಷ ಔಷಧದ್ದಲ್ಲ, ಹಂಚುವ ರೀತಿಯದು. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಎರಡು: ಇದನ್ನು ಎಲ್ಲಿ ತುಂಬಿಸುತ್ತೀರಿ? ನನ್ನ ತಂದೆಗೆ ಬೇರೆ ಮೊಹರಾದ ಸಿರಿಂಜು ಇದೆಯೇ?

ಫಲದ ಮಟ್ಟಿಗೆ ಬುಡದ ಬ್ಲಾಕಿನಲ್ಲಿ ನಡೆದ 'ಸ್ಕೋರ್ 2' ಅಧ್ಯಯನದಲ್ಲಿ ಆರು ತಿಂಗಳಿಗೆ ಬೆವಾಸಿಜುಮ್ಯಾಬ್ ಅಫ್ಲಿಬರ್ಸೆಪ್ಟಿಗೆ ಕಡಿಮೆಯಾಗಲಿಲ್ಲ. ಲಿಯಾವೊದಲ್ಲಿ ಎರಡು ವರ್ಷಕ್ಕೆ ಅದು ರಾನಿಬಿಜುಮ್ಯಾಬಿಗೆ ಸಮನೆಂದು ಸಾಬೀತಾಗಲಿಲ್ಲ. ನನ್ನ ಅಭಿಪ್ರಾಯ ಹೀಗಿದೆ: ದುಬಾರಿಯ ಔಷಧದ ಎರಡು ಇಂಜೆಕ್ಷನ್ ಹಾಕಿಸಿ ಕೈ ಖಾಲಿಯಾಗಿ ನಿಲ್ಲಿಸುವುದಕ್ಕಿಂತ, ಅಗ್ಗದ್ದನ್ನು ಶುದ್ಧವಾಗಿ ಹಂಚುವ ಕಡೆ ಎಂಟು ಸಲ ಸಮಯಕ್ಕೆ ಸರಿಯಾಗಿ ಹಾಕಿಸುವುದು ಮೇಲು. ನಡುವಿನ ದಾರಿಯೂ ಇದೆ. ರಾನಿಬಿಜುಮ್ಯಾಬಿನ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವಂತೆ ಬೇರೆ ಕಂಪನಿ ತಯಾರಿಸಿದ್ದು, 2015ರಿಂದ ಭಾರತದಲ್ಲಿ ಸಿಗುತ್ತಿದೆ, ಮೂಲ ಔಷಧಕ್ಕಿಂತ ಅಗ್ಗ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿದ್ದರೆ ಯಾವ ಇಂಜೆಕ್ಷನ್ನಿಗೆ ಮಂಜೂರಾತಿ ಇದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಹಾಕಿಸುವ ಮೊದಲು ಕೇಳಬೇಕು, ಬಿಲ್ಲಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಸ್ಟೆರಾಯ್ಡ್ ಇನ್ನೊಂದು ಆಯ್ಕೆ. ಡೆಕ್ಸಾಮೆಥಾಸೋನ್ 0.7 ಮಿಲಿಗ್ರಾಂ ಇರುವ ಸಣ್ಣ ಕಡ್ಡಿಯನ್ನು ಕಣ್ಣೊಳಗೆ ಬಿಡುತ್ತಾರೆ. ಅದು ನಿಧಾನವಾಗಿ ಕರಗುತ್ತಾ ಎರಡನೇ ತಿಂಗಳಲ್ಲಿ ಗರಿಷ್ಠ ಫಲ ಕೊಟ್ಟು, ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಯುತ್ತದೆ. ತಿಂಗಳು ತಿಂಗಳು ಬರಲಾಗದವರಿಗೆ, ಈಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ಪೊರೆ ಆಪರೇಷನ್ ಈಗಾಗಲೇ ಆಗಿರುವವರಿಗೆ ಇದು ಹೊಂದುತ್ತದೆ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬೇಗ ಬೆಳೆಯುತ್ತದೆ. ಕಡ್ಡಿ ಹಾಕಿಸಿಕೊಂಡು ಆರರಿಂದ ಎಂಟನೇ ವಾರದಲ್ಲಿ ಒತ್ತಡ ಅಳೆಸದಿದ್ದರೆ ಮ್ಯಾಕ್ಯುಲಾ ಉಳಿದು ದೃಷ್ಟಿನರ ಹೋಗಬಹುದು. ಗ್ಲಾಕೋಮಾ ಮುಂದುವರಿದವರಿಗೆ ಇದು ಸಲ್ಲದು.

ಲೇಸರ್? ಕೊಂಬೆಯ ಬ್ಲಾಕಿನ ನೀರಿಗೆ 1984ರಿಂದ ಗ್ರಿಡ್ ಲೇಸರ್ (ನೀರು ನಿಂತ ಜಾಗಕ್ಕೆ ಜಾಲರಿಯಂತೆ ಸಣ್ಣ ಚುಕ್ಕೆ ಹೊಡೆಯುವುದು) ಮಾಡುತ್ತಿದ್ದರು, ಈಗ ಇಂಜೆಕ್ಷನ್ ಮುಂದೆ ಅದು ಹಿಂದೆ ಸರಿದಿದೆ. ಬುಡದ ಬ್ಲಾಕಿನಲ್ಲಂತೂ ಅದು ದೃಷ್ಟಿ ಹೆಚ್ಚಿಸುವುದೇ ಇಲ್ಲ. ಆದರೆ ಹುಚ್ಚು ನಾಳಗಳು ಚಿಗುರಿದಾಗ ರಕ್ತ ಸಿಗದ ಭಾಗಕ್ಕೆ ಹೊಡೆಯುವ ಲೇಸರ್ ಇಂದಿಗೂ ಕಣ್ಣುಳಿಸುವ ಚಿಕಿತ್ಸೆ. ಕಣ್ಣಿಗೆ ಹಾಕುವ ಹನಿ, ಎಣ್ಣೆ, ಕಣ್ಣಿನ ವ್ಯಾಯಾಮ ಇವು ಯಾವುವೂ ಈ ನೀರನ್ನು ಇಳಿಸುವುದಿಲ್ಲ.

ಇನ್ನೊಂದು ಪರೀಕ್ಷೆಯ ಬಗ್ಗೆ ಕೇಳಿಕೊಳ್ಳಿ: ಎಫ್‌ಎಫ್‌ಎ. ಕೈಯ ನಾಳಕ್ಕೆ ಹಳದಿ ಬಣ್ಣದ ದ್ರವ ಕೊಟ್ಟು ರೆಟಿನಾದ ಫೋಟೊ ತೆಗೆಯುತ್ತಾರೆ. ನೀರು ಎಷ್ಟಿದೆ ಎಂದು ಓಸಿಟಿ ಸ್ಕ್ಯಾನ್ ಹೇಳುತ್ತದೆ, ರಕ್ತ ಎಲ್ಲಿ ಹೋಗುತ್ತಲೇ ಇಲ್ಲ ಎಂದು ಹೇಳುವುದು ಇದು. ಚರ್ಮ ಕೆಲವು ಗಂಟೆ ಹಳದಿಯಾಗುತ್ತದೆ, ಮೂತ್ರ ಒಂದು ದಿನ ಕಿತ್ತಳೆ ಬಣ್ಣದ್ದಾಗುತ್ತದೆ, ಕೆಲವರಿಗೆ ಒಂದು ನಿಮಿಷ ವಾಕರಿಕೆ. ಅಲರ್ಜಿ, ಅಸ್ತಮಾ ಇದ್ದರೆ ಮೊದಲೇ ತಿಳಿಸಿ. ಕೊಂಬೆಯ ಬ್ಲಾಕಿನಲ್ಲಿ ರಕ್ತ ಸಿಗದ ಜಾಗ ದೃಷ್ಟಿನರದ ಬಿಲ್ಲೆಯ ಅಗಲದ ಐದರಷ್ಟಕ್ಕಿಂತ ಹೆಚ್ಚಿದ್ದರೆ ಹುಚ್ಚು ನಾಳ ಬೆಳೆಯುವ ಭಯ. ಅವು ಒಡೆದರೆ ಕಣ್ಣ ಮುಂದೆ ಏಕಾಏಕಿ ಹೊಗೆ, ಜೇಡರ ಬಲೆ, ಕಪ್ಪು ಎಳೆಗಳು ತೇಲುತ್ತವೆ.

ಬುಡದ ಬ್ಲಾಕ್ ಆದವರು ಈ ಉತ್ತರ ಓದುತ್ತಿದ್ದರೆ ಒಂದು ಮಾತು. ದೃಷ್ಟಿ 6/60ಕ್ಕಿಂತ ಕಡಿಮೆ ಇದ್ದು, ಟಾರ್ಚ್ ಬಿಟ್ಟಾಗ ಆ ಕಣ್ಣಿನ ಪಾಪೆ ಸರಿಯಾಗಿ ಕುಗ್ಗದಿದ್ದರೆ ಅದು ರಕ್ತವೇ ಸಿಗದ ಕೆಟ್ಟ ಬಗೆಯದಾಗಿರುವ ಸಾಧ್ಯತೆ ಹೆಚ್ಚು. ಅಂಥ ಕಣ್ಣಿನಲ್ಲಿ ಸುಮಾರು ಮೂರನೇ ತಿಂಗಳಿಗೆ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಮೇಲೆ ಹೊಸ ನಾಳ ಹಬ್ಬಿ, ಕಣ್ಣಿನ ನೀರು ಹೊರಹೋಗುವ ಮೂಲೆ ಮುಚ್ಚಿ, ವಿಪರೀತ ನೋವಿನ ಗ್ಲಾಕೋಮಾ ಬರಬಹುದು. ಕಣ್ಣಿನ ವೈದ್ಯರು ಇದನ್ನು 'ನೂರು ದಿನದ ಗ್ಲಾಕೋಮಾ' ಅನ್ನುವುದು ಅದಕ್ಕೆ. ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಐರಿಸ್ ನೋಡಿಸಬೇಕು, ಅದೂ ಪಾಪೆ ಅಗಲಿಸುವ ಹನಿ ಹಾಕುವ ಮೊದಲು. ಹನಿ ಹಾಕಿದ ಮೇಲೆ ಐರಿಸ್ ಮಡಚಿಕೊಂಡು ಅಂಚಿನ ಸಣ್ಣ ನಾಳಗಳು ಕಣ್ಣಿಗೆ ಬೀಳುವುದೇ ಇಲ್ಲ. ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಈ ನೂರು ದಿನ ಮುಂದಕ್ಕೆ ಹೋಗುತ್ತದೆ, ರದ್ದಾಗುವುದಿಲ್ಲ. ಕೊನೆಯ ಇಂಜೆಕ್ಷನ್ನಿನಿಂದ ಮತ್ತೆ ಎಣಿಸಿ.

ಇಂಜೆಕ್ಷನ್ ದಿನದ ಕ್ರಮ ನಿಮಗೆ ಈಗಾಗಲೇ ಗೊತ್ತು, ಆದರೂ ತಪ್ಪುವ ಕಡೆಗಳನ್ನು ಹೇಳುತ್ತೇನೆ. ಬೆಳಿಗ್ಗೆ ಬಿಪಿ-ಶುಗರ್ ಮಾತ್ರೆ ಎಂದಿನಂತೆ ತಿನ್ನಲಿ, ತಿಂಡಿಯೂ ಆಗಲಿ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ಬಿಟ್ಟು ಬಂದು, ಅಲ್ಲಿ ಬಿಪಿ 190 ತೋರಿಸಿ ವಾಪಸ್ ಹೋಗುವವರು ಬಹಳ. ಕಣ್ಣು ಕೆಂಪಾಗಿ ಪಿಸುರು ಬರುತ್ತಿದ್ದರೆ, ರೆಪ್ಪೆಯಲ್ಲಿ ಕುರು ಇದ್ದರೆ ಮೊದಲೇ ಹೇಳಿ. ಆ ದಿನ ಹಾಕಬಾರದು. ಮರಗಟ್ಟಿಸುವ ಹನಿ ಬಿಟ್ಟು, ಕಣ್ಣೊಳಕ್ಕೆ ಶೇ 5ರ ಪೊವಿಡೋನ್ ಅಯೋಡಿನ್ ಹಾಕುತ್ತಾರೆ, ಉರಿಯುತ್ತದೆ. ಸೋಂಕು ತಡೆಯುವುದು ಮುಖ್ಯವಾಗಿ ಇದೇ, ಆದ್ದರಿಂದ 'ಉರಿ ಬೇಡ, ಬಿಡಿ' ಎನ್ನಬೇಡಿ. ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ-ನಾಲ್ಕು ಮಿಲಿಮೀಟರ್ ದೂರದಲ್ಲಿ ಕೂದಲಿನಂಥ ಸೂಜಿ. ಆ ಕ್ಷಣದಲ್ಲಿ ರೋಗಿಯೂ ವೈದ್ಯರೂ ಮಾತಾಡದಿರುವುದು ಒಳ್ಳೆಯದು, ಬಾಯಿಯ ತುಂತುರಿನಲ್ಲಿ ಸೋಂಕಿನ ಬೀಜ ಇರುತ್ತದೆ.

ಸಂಜೆ ಕಣ್ಣು ಕರಕರ ಎನ್ನುವುದು, ಬಿಳಿಗುಡ್ಡೆಯಲ್ಲಿ ಒಂದು ಕಡೆ ಕೆಂಪು ಮಚ್ಚೆ, ಒಂದೆರಡು ದುಂಡು ಗುಳ್ಳೆ ತೇಲುವುದು, ಇವು ತಾವೇ ಹೋಗುತ್ತವೆ. ಎರಡು-ಮೂರು ದಿನ ಕಣ್ಣಿಗೆ ನೀರು ಬೀಳದಂತೆ ಸ್ನಾನ ಮಾಡಲಿ. ಆದರೆ ಎರಡನೇ ದಿನದಿಂದ ಐದನೇ ದಿನದೊಳಗೆ ನೋವು ಏರುತ್ತಾ, ಕೆಂಪು ಹರಡುತ್ತಾ, ದೃಷ್ಟಿ ಇಳಿಯುತ್ತಾ ಬಂದರೆ ಅದು ಒಳಸೋಂಕಿನ ಲಕ್ಷಣ. ಸಾವಿರಾರು ಇಂಜೆಕ್ಷನ್ನಿಗೆ ಒಂದು ಆಗುವಂಥದ್ದು, ಆದರೆ ಆದಾಗ ಗಂಟೆಗಳ ಲೆಕ್ಕ. ರಾತ್ರಿಯಾಗಲಿ, ಭಾನುವಾರವಾಗಲಿ, ಹೊರಡಿ.

ಸ್ಕ್ಯಾನನ್ನು ಪ್ರತಿಸಲವೂ ಒಂದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಅಂಕಿ ಹಲವು ಹತ್ತು ಮೈಕ್ರಾನ್ ಬದಲಾಗುತ್ತದೆ, 290 ಮತ್ತು 320ರ ಮಧ್ಯೆ ನಿಜವಾಗಿ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಹಳೆಯ ಪ್ರಿಂಟುಗಳನ್ನೆಲ್ಲ ಒಂದು ಫೈಲಿನಲ್ಲಿಡಿ.

ಎಡಗಣ್ಣಿನ ಭಯ ನಿಮಗೆ ಇದ್ದೇ ಇರುತ್ತದೆ. ಕೊಂಬೆಯ ಬ್ಲಾಕ್ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮುಂದೆಂದಾದರೂ ಇನ್ನೊಂದು ಕಣ್ಣಿಗೂ ಬರುತ್ತದೆ. ಅದನ್ನು ತಡೆಯುವ ಇಂಜೆಕ್ಷನ್ ಇಲ್ಲ, ಬಿಪಿ ಮಾತ್ರೆಯೇ ಆ ಕಣ್ಣಿನ ಔಷಧ. ಫಿಸಿಶಿಯನ್ ಬಳಿ ಹೋಗಿ ಮತ್ತೆ ಶುರುಮಾಡಿಸಿ, ಸಾಮಾನ್ಯವಾಗಿ 130/80ರ ಆಸುಪಾಸಿಗೆ ತರುವ ಗುರಿ ಇಡುತ್ತಾರೆ. ವಾರಕ್ಕೊಮ್ಮೆ ಮನೆಯಲ್ಲೇ ಒಂದೊಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಚೌಕಗಳನ್ನೋ ಕಿಟಕಿಯ ಸರಳುಗಳನ್ನೋ ನೋಡಲಿ. ಗೆರೆ ಡೊಂಕಾಗಿ ಕಂಡರೆ, ಒಂದು ಚೌಕ ಮಾಸಿದಂತಿದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ. ಎರಡೂ ಕಣ್ಣು ತೆರೆದು ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಒಳ್ಳೆಯ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಬಿಡುತ್ತದೆ.